ಆಯುಧಕ್ಕೆ ಮುನ್ನ ಮಾತು: ‘ಸ್ಟಾರ್ ಟ್ರೆಕ್’ ಮೊದಲ ಧಾರಾವಾಹಿಯ ಮೌಲ್ಯಮಾಪನ

‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 1969ರ ಜೂನ್ 3ರಂದು ಮುಗಿದ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ. ಮೂರು ಸರಣಿಗಳಲ್ಲಿ ಒಟ್ಟು 79 ಕಂತುಗಳು ಪ್ರಸಾರವಾದವು. ಒಂದೊಂದೂ ಸುಮಾರು 50 ನಿಮಿಷದ್ದು. ಇಪ್ಪತ್ತಮೂರನೆಯ ಶತಮಾನದಲ್ಲಿ ‘ಎಂಟರ್‌ಪ್ರೈಸ್’ ಎಂಬ ಬಾಹ್ಯಾಕಾಶ ನೌಕೆ ಸುಮಾರು 430 ಮಂದಿಯನ್ನು ಹೊತ್ತು ಐದು ವರ್ಷಗಳ ಅನ್ವೇಷಣೆಗೆ ಹೊರಟಿದೆ. ವಾರಕ್ಕೊಂದು ಹೊಸ ಲೋಕ, ವಾರಕ್ಕೊಂದು ಹೊಸ ಇಕ್ಕಟ್ಟು ಎಂಬುದು ಅದರ ಚೌಕಟ್ಟು. ಇದೇ ಹೆಸರಿನಡಿ ಮುಂದೆ ಬಂದ ಧಾರಾವಾಹಿಗಳೂ ಚಲನಚಿತ್ರಗಳೂ ಹಣದಲ್ಲಿ, ತಂತ್ರದಲ್ಲಿ ಇದನ್ನು ಎಷ್ಟೋ ಹಿಂದೆ ಹಾಕಿವೆ. ಆದರೂ ಮೊದಲನೆಯದನ್ನು ಕಂಡವರು ಅದರ ಮಾತು ಬಂದಾಗ ಈಗಲೂ ಹುರುಪಾಗುತ್ತಾರೆ. ಈ ಪ್ರೀತಿಯಲ್ಲಿ ಬಾಲ್ಯದ ಮೋಹದ ಪಾಲು ಇರುವುದು ನಿಜ. ಮೋಹ ಕಳೆದ ಮೇಲೂ ಉಳಿಯುವ ಗಟ್ಟಿ ಕಾರಣವೂ ಒಂದಿದೆ: ಅಪರಿಚಿತವಾದದ್ದು ಎದುರಾದಾಗ ಆಯುಧಕ್ಕೆ ಕೈ ಹಾಕುವ ಮುನ್ನ ಅದನ್ನು ಅರಿಯಬೇಕು, ಅರಿಯಲು ಕೂತು ವಾದಿಸಬೇಕು ಎಂಬ ವಿವೇಕವನ್ನು ಈ ಧಾರಾವಾಹಿ ರೋಚಕ ನಾಟಕವಾಗಿ ಮಾಡಿ ತೋರಿಸಿತು.

ಧಾರಾವಾಹಿಯನ್ನು ರೂಪಿಸಿದವರು ಜೀನ್ ರಾಡನ್‌ಬೆರಿ (1921–1991). ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿ ಬಾಂಬರ್ ವಿಮಾನ ನಡೆಸಿದವರು. ಯುದ್ಧ ಮುಗಿದ ಮೇಲೆ ಪ್ಯಾನ್ ಆಮ್ ಕಂಪನಿಯ ಪೈಲಟ್ ಆಗಿ, ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿ ದುಡಿದು, ಅಲ್ಲಿಂದ ಟೆಲಿವಿಷನ್ ಬರವಣಿಗೆಗೆ ಬಂದರು. ಅವರು ಮೊದಲು ನಿರ್ಮಿಸಿದ ‘ದಿ ಲೆಫ್ಟಿನೆಂಟ್’ (1963–64) ಮರೀನ್ ದಳದ ಸೈನಿಕರ ಕಥೆ. ಅದರಲ್ಲಿ ವರ್ಣದ್ವೇಷವನ್ನು ಕುರಿತು ತೆಗೆದ ಒಂದು ಕಂತನ್ನು ವಾಹಿನಿ ಪ್ರಸಾರ ಮಾಡಲಿಲ್ಲ. ವರ್ತಮಾನದ ಸಂಗತಿಯನ್ನು ವರ್ತಮಾನದ ವೇಷದಲ್ಲೇ ಹೇಳಲು ಹೊರಟರೆ ಬಾಗಿಲು ಮುಚ್ಚುತ್ತದೆ ಎಂಬುದು ರಾಡನ್‌ಬೆರಿಯವರಿಗೆ ಖಚಿತವಾಯಿತು. ಯುದ್ಧ, ಜನಾಂಗ, ಧರ್ಮ, ಅಧಿಕಾರ ಇವುಗಳನ್ನು ದೂರದ ಗ್ರಹಗಳ ಮೇಲಿಟ್ಟು ಮಾತಾಡಿದರೆ ಪ್ರಾಯೋಜಕರೂ ವಾಹಿನಿಯವರೂ ಅಡ್ಡಿ ಮಾಡಲಾರರು ಎಂಬ ಲೆಕ್ಕದಿಂದ ‘ಸ್ಟಾರ್ ಟ್ರೆಕ್’ ಹುಟ್ಟಿತು. 1964ರಲ್ಲಿ ಯೋಜನೆಯನ್ನು ಮಂಡಿಸುವಾಗ ಅವರು ಅದನ್ನು ಆಗಿನ ಜನಪ್ರಿಯ ಧಾರಾವಾಹಿ ‘ವ್ಯಾಗನ್ ಟ್ರೈನ್’ಗೆ ಹೋಲಿಸಿದರು. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟ ವಲಸಿಗರ ಕಥೆಯನ್ನು ನಕ್ಷತ್ರಗಳ ನಡುವೆ ಹೇಳುತ್ತೇನೆಂದರೆ ವ್ಯಾಪಾರಸ್ಥರಿಗೆ ತಕ್ಷಣ ಅರ್ಥವಾಗುತ್ತಿತ್ತು.

ನಟಿ ಲೂಸಿಲ್ ಬಾಲ್ ಅವರ ಒಡೆತನದ ‘ದೆಸಿಲು’ ಸ್ಟುಡಿಯೊ ಈ ಸಾಹಸಕ್ಕೆ ಬಂಡವಾಳ ಹೂಡಿತು. ಮೊದಲ ಪ್ರಾಯೋಗಿಕ ಕಂತು ‘ದಿ ಕೇಜ್’ನಲ್ಲಿ ಜೆಫ್ರಿ ಹಂಟರ್ ಕ್ಯಾಪ್ಟನ್ ಪೈಕ್ ಆಗಿದ್ದರು, ನೌಕೆಯ ಎರಡನೆಯ ಅಧಿಕಾರದ ಸ್ಥಾನದಲ್ಲಿ ಒಬ್ಬ ಮಹಿಳೆ ಇದ್ದಳು. ಇದು ಬುದ್ಧಿಗೆ ಹೆಚ್ಚು ಕೆಲಸ ಕೊಡುತ್ತದೆ, ಹೊಡೆದಾಟ ಸಾಲದು ಎಂದು ಎನ್‌ಬಿಸಿ ಅದನ್ನು ತಿರಸ್ಕರಿಸಿತು. ಆದರೆ ವಾಹಿನಿಯವರು ಅಲ್ಲಿಗೆ ಕೈಬಿಡದೆ ಎರಡನೆಯ ಪ್ರಾಯೋಗಿಕ ಕಂತಿಗೆ ಅವಕಾಶ ಕೊಟ್ಟದ್ದು ಆ ಕಾಲಕ್ಕೆ ಅಪರೂಪ. ವಿಲಿಯಂ ಶಾಟ್ನರ್ ಕ್ಯಾಪ್ಟನ್ ಕರ್ಕ್ ಆಗಿ ಬಂದರು. ಹಳೆಯ ತಂಡದಿಂದ ಉಳಿದುಕೊಂಡ ಪಾತ್ರ ಒಂದೇ, ಲಿಯೊನಾರ್ಡ್ ನಿಮಾಯ್ ಅವರ ಸ್ಪಾಕ್. ತಿರಸ್ಕೃತ ಕಂತಿನ ದೃಶ್ಯಗಳನ್ನು ಮುಂದೆ ‘ದಿ ಮೆನಾಜರಿ’ ಎಂಬ ಎರಡು ಭಾಗಗಳ ಕಂತಿನೊಳಗೆ ಹೆಣೆಯಲಾಯಿತು; ಅದಕ್ಕೆ 1967ರ ಹ್ಯೂಗೋ ಪ್ರಶಸ್ತಿ ಬಂತು.

ಧಾರಾವಾಹಿಯ ರೂಪವನ್ನು ತೀರ್ಮಾನಿಸಿದ್ದರಲ್ಲಿ ಹಣದ ಕೊರತೆಯ ಪಾತ್ರ ದೊಡ್ಡದು. ಪ್ರತಿ ವಾರ ದೈತ್ಯ ನೌಕೆಯೊಂದು ಗ್ರಹದ ಮೇಲೆ ಇಳಿಯುವುದನ್ನು ಚಿತ್ರೀಕರಿಸಲು ಹಣವಿರಲಿಲ್ಲ. ಹಾಗಾಗಿ ಮನುಷ್ಯರನ್ನು ಕಣಕಣವಾಗಿ ಬಿಡಿಸಿ ಇನ್ನೊಂದೆಡೆ ಮೂಡಿಸುವ ‘ಟ್ರಾನ್ಸ್‌ಪೋರ್ಟರ್’ ಯಂತ್ರ ಹುಟ್ಟಿತು. ಖರ್ಚು ಉಳಿಸಲು ಹೊಳೆದ ಈ ಉಪಾಯ ಕಥೆಗೂ ವೇಗ ಕೊಟ್ಟಿತು. ಆರಂಭದ ಕೆಲವೇ ನಿಮಿಷಗಳಲ್ಲಿ ಪಾತ್ರಗಳು ಸಮಸ್ಯೆಯ ನಡುವೆ ನಿಂತಿರುತ್ತಿದ್ದವು. ಗ್ರಹಗಳೆಂದರೆ ಸ್ಟುಡಿಯೊದೊಳಗಿನ ಕೃತಕ ಬಂಡೆಗಳು, ಹಿಂದೆ ಬಣ್ಣದ ಬೆಳಕು ಬಿಟ್ಟ ಪರದೆ. ಛಾಯಾಗ್ರಾಹಕ ಜೆರಿ ಫಿನರ್ಮನ್ ಬೂದು ಗೋಡೆಗಳ ಮೇಲೆ ನೇರಳೆ, ಹಸಿರು, ಕೆಂಪು ಬೆಳಕು ಹಾಯಿಸಿ ಅದೇ ಸೆಟ್ಟಿಗೆ ಬೇರೆ ಬೇರೆ ಭಾವ ತಂದರು. ಸಿಬ್ಬಂದಿಯ ಅಂಗಿಗಳ ಗಾಢ ಬಣ್ಣಕ್ಕೆ ವ್ಯಾಪಾರದ ಹಿನ್ನೆಲೆಯೂ ಇತ್ತು. ಎನ್‌ಬಿಸಿಯ ಮಾತೃ ಸಂಸ್ಥೆ ಆರ್‌ಸಿಎ ಆಗ ಕಲರ್ ಟಿವಿಗಳನ್ನು ಮಾರುತ್ತಿತ್ತು.

ವಿನ್ಯಾಸಕಾರ ಮ್ಯಾಟ್ ಜೆಫ್ರೀಸ್ ಮಾಡಿದ ನೌಕೆಯ ರೂಪ ಈ ಮಿತಿಗಳನ್ನು ಮೀರಿದ್ದು. ಮುಂದೆ ತಟ್ಟೆಯಾಕಾರದ ಭಾಗ, ಕೆಳಗೆ ಉದ್ದನೆಯ ಒಡಲು, ಹಿಂದೆ ಎತ್ತರಕ್ಕೆ ಚಾಚಿದ ಎರಡು ಎಂಜಿನ್‌ಗಳು. ಅಲ್ಲಿಯವರೆಗಿನ ಸಿನಿಮಾ ರಾಕೆಟ್‌ಗಳಿಗೂ ಹಾರುವ ತಟ್ಟೆಗಳಿಗೂ ಅದು ಸೇರಲಿಲ್ಲ. ಗಾಳಿಯೇ ಇಲ್ಲದ ಕಡೆ ಸಂಚರಿಸುವ ವಸ್ತುವಿಗೆ ವಿಮಾನದ ಚೂಪು ಮೂತಿ ಬೇಕಿಲ್ಲ ಎಂಬ ಯೋಚನೆ ಅದರ ಗೆರೆಗೆರೆಯಲ್ಲೂ ಕಾಣುತ್ತದೆ. ಚಿತ್ರೀಕರಣಕ್ಕೆ ಬಳಸಿದ 11 ಅಡಿ ಉದ್ದದ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. ಇಷ್ಟೇ ಮುಖ್ಯವಾದದ್ದು ನೌಕೆಯ ನಿಯಂತ್ರಣ ಕೊಠಡಿ. ಅದು ದುಂಡಗಿದೆ, ನಡುವೆ ಕ್ಯಾಪ್ಟನ್ನನ ಕುರ್ಚಿ, ಸುತ್ತ ಅಧಿಕಾರಿಗಳು. ಯಾರು ಏನು ಹೇಳಿದರೂ ಎಲ್ಲರಿಗೂ ಕೇಳಿಸುತ್ತದೆ, ತೀರ್ಮಾನವನ್ನು ಒಬ್ಬನೇ ಗುಟ್ಟಾಗಿ ಮಾಡಲು ಬರುವುದಿಲ್ಲ. ಪರಿಕರ ಕಡಿಮೆ, ಮಾತು ಹೆಚ್ಚು; ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದದಿಂದಲೇ ಯುದ್ಧಭೂಮಿ ಕಣ್ಣೆದುರು ನಿಲ್ಲುವಂತೆ ಇಲ್ಲೂ ವಿಶ್ವದ ವಿಸ್ತಾರ ಮೂಡುವುದು ಬಹುಮಟ್ಟಿಗೆ ಪಾತ್ರಗಳ ಮಾತಿನಿಂದ.

ಆ ಮಾತಿಗೆ ಆಧಾರ ಮೂರು ಪಾತ್ರಗಳು. ಸ್ಪಾಕ್ ವಲ್ಕನ್ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು, ತರ್ಕವನ್ನೇ ವ್ರತವಾಗಿ ಹಿಡಿದವನು. ಡಾಕ್ಟರ್ ಮೆಕಾಯ್ (ಡಿಫಾರೆಸ್ಟ್ ಕೆಲಿ) ನೋವನ್ನು ಕಂಡಲ್ಲಿ ಸುಮ್ಮನಿರಲಾರದ, ಬೇಗ ರೇಗುವ ವೈದ್ಯ. ಇಬ್ಬರ ನಡುವೆ ಕರ್ಕ್, ಎರಡೂ ಕಡೆಯ ಮಾತು ಕೇಳಿ ಕೊನೆಗೆ ಹೊಣೆ ಹೊರಬೇಕಾದವನು. ಲೆಕ್ಕಾಚಾರಕ್ಕೂ ಕರುಣೆಗೂ ನಡೆಯುವ ಜಗಳವನ್ನು ಒಬ್ಬನ ತಲೆಯೊಳಗಿಂದ ಹೊರತೆಗೆದು ಮೂವರಿಗೆ ಹಂಚಿದ್ದು ಈ ಧಾರಾವಾಹಿಯ ರಚನೆಯ ಜಾಣ್ಮೆ. ಯಾರೊಬ್ಬರೂ ಪ್ರತಿ ವಾರ ಗೆಲ್ಲುವುದಿಲ್ಲ. ಕೆಲವೊಮ್ಮೆ ಸ್ಪಾಕ್‌ನ ತರ್ಕ ಜೀವ ಉಳಿಸುತ್ತದೆ, ಕೆಲವೊಮ್ಮೆ ಮೆಕಾಯ್‌ನ ಸಿಟ್ಟೇ ಸತ್ಯವನ್ನು ಹೇಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಚುಚ್ಚುತ್ತಾರೆ; ಆದರೆ ಒಬ್ಬನಿಗೆ ಅಪಾಯ ಬಂದಾಗ ಇನ್ನೊಬ್ಬ ಪ್ರಾಣ ಒತ್ತೆಯಿಡಲು ಸಿದ್ಧ. ಭಿನ್ನಾಭಿಪ್ರಾಯ ಗೆಳೆತನವನ್ನು ಮುರಿಯಬೇಕಿಲ್ಲ ಎಂಬುದನ್ನು ಯಾವ ಉಪದೇಶವೂ ಇಲ್ಲದೆ ಈ ಜೋಡಿ ತೋರಿಸಿಕೊಟ್ಟಿತು.

ಸ್ಪಾಕ್ ಪಾತ್ರದ ಗೆಲುವಿನ ಬಹುಪಾಲು ನಿಮಾಯ್ ಅವರ ಸಂಯಮಕ್ಕೆ ಸಲ್ಲಬೇಕು. ಭಾವವನ್ನು ತೋರಿಸಬಾರದ ಪಾತ್ರವನ್ನು ನಟಿಸುವುದು ಕಷ್ಟ. ಮುಖ ಮರಗಟ್ಟಿದರೆ ನೋಡುಗರಿಗೆ ಅವನ ಮೇಲೆ ಅಕ್ಕರೆ ಹುಟ್ಟುವುದಿಲ್ಲ. ನಿಮಾಯ್ ಒಂದು ಹುಬ್ಬಿನ ಏರಿಳಿತದಲ್ಲಿ, ಮಾತಿಗೆ ಮುಂಚಿನ ಚಿಕ್ಕ ತಡೆಯಲ್ಲಿ ಒಳಗಿನ ತಳಮಳವನ್ನು ಕಾಣಿಸಿದರು. ಬೆರಳುಗಳನ್ನು ಎರಡೆರಡಾಗಿ ಕವಲೊಡೆಸುವ ವಲ್ಕನ್ ನಮಸ್ಕಾರವನ್ನು ಅವರು ಬಾಲ್ಯದಲ್ಲಿ ಯಹೂದಿ ಪ್ರಾರ್ಥನಾಮಂದಿರದಲ್ಲಿ ಕಂಡ ಪುರೋಹಿತರ ಆಶೀರ್ವಾದದ ಮುದ್ರೆಯಿಂದ ತಂದರು. ಎದುರಾಳಿಯನ್ನು ಹೊಡೆಯದೆ ಕತ್ತಿನ ನರ ಒತ್ತಿ ಮೂರ್ಛೆಗೊಳಿಸುವ ತಂತ್ರವೂ ಅವರದೇ ಸಲಹೆ. ಹಿಂಸೆಯನ್ನು ಒಲ್ಲದ ಪಾತ್ರದ ಸ್ವಭಾವ ಮಾತಿನಲ್ಲಷ್ಟೇ ಉಳಿಯದೆ ಮೈಗೂ ಇಳಿದದ್ದು ಹೀಗೆ.

ಧಾರಾವಾಹಿಯ ಬರವಣಿಗೆಗೆ ಸೇರಿದವರ ಪಟ್ಟಿ ದೊಡ್ಡದು. ಥಿಯೋಡರ್ ಸ್ಟರ್ಜನ್, ರಿಚರ್ಡ್ ಮ್ಯಾಥೆಸನ್, ರಾಬರ್ಟ್ ಬ್ಲಾಕ್, ಹಾರ್ಲನ್ ಎಲಿಸನ್, ನಾರ್ಮನ್ ಸ್ಪಿನ್‌ರಾಡ್ ಮೊದಲಾದ ಹೆಸರಾಂತ ಕಥೆಗಾರರು ಇದಕ್ಕೆ ಬರೆದರು. ರಾಡನ್‌ಬೆರಿಯವರ ಕಾರ್ಯದರ್ಶಿಯಾಗಿದ್ದ ಡಿ. ಸಿ. ಫಾಂಟಾನಾ ಕಥಾ ಸಂಪಾದಕಿಯಾಗಿ ಬೆಳೆದು, ‘ಜರ್ನಿ ಟು ಬೇಬಲ್’ ಕಂತಿನಲ್ಲಿ ಸ್ಪಾಕ್‌ನ ತಂದೆತಾಯಿಯರನ್ನು ತಂದು ಆ ಪಾತ್ರಕ್ಕೆ ಮನೆತನ ಕೊಟ್ಟರು. ಎಲ್ಲರಿಗಿಂತ ಹೆಚ್ಚಾಗಿ ನೆನೆಯಬೇಕಾದವರು ಮೊದಲ ಸರಣಿಯ ನಡುವೆ ನಿರ್ಮಾಪಕರಾಗಿ ಬಂದ ಜೀನ್ ಎಲ್. ಕೂನ್. ಕ್ಲಿಂಗನ್ನರೆಂಬ ಎದುರಾಳಿಗಳನ್ನು ಸೃಷ್ಟಿಸಿದವರು ಅವರು. ರಾಡನ್‌ಬೆರಿ ಕನಸನ್ನು ಕೊಟ್ಟರು. ಅದಕ್ಕೆ ನೈತಿಕ ಸ್ಪಷ್ಟತೆ ಬಂದದ್ದು ಕೂನ್ ಅವರ ಕೈಯಲ್ಲಿ.

ಕೂನ್ ಬರೆದ ‘ದಿ ಡೆವಿಲ್ ಇನ್ ದಿ ಡಾರ್ಕ್’ (1967) ಇಡೀ ಧಾರಾವಾಹಿಯ ಸಾರವನ್ನು ಒಂದೇ ಕಂತಿನಲ್ಲಿ ಹಿಡಿದಿದೆ. ದೂರದ ಗ್ರಹವೊಂದರ ಗಣಿಯಲ್ಲಿ ಯಾವುದೋ ಜೀವಿ ಕಾರ್ಮಿಕರನ್ನು ಸುಟ್ಟು ಕೊಲ್ಲುತ್ತಿದೆ. ಅದು ಸಿಲಿಕಾನಿನಿಂದಾದ, ಬಂಡೆಯನ್ನು ಕೊರೆದು ಸಾಗುವ ‘ಹೋರ್ಟಾ’. ಕರ್ಕ್ ಅದನ್ನು ಕೊಲ್ಲಲು ಆಜ್ಞೆ ಮಾಡುತ್ತಾನೆ. ತನ್ನ ಕುಲದ ಕೊನೆಯ ಜೀವಿಯಾಗಿರಬಹುದಾದ ಅದನ್ನು ಕೊಲ್ಲುವುದು ಅಪರಾಧ ಎಂದು ಸ್ಪಾಕ್ ಆಕ್ಷೇಪಿಸುತ್ತಾನೆ. ಆಮೇಲೆ ಸುರಂಗದಲ್ಲಿ ಕರ್ಕ್ ಒಬ್ಬನೇ ಅದರ ಎದುರು ಸಿಕ್ಕಿಬಿದ್ದಾಗ ಇಬ್ಬರ ನಿಲುವೂ ಅದಲುಬದಲಾಗುತ್ತದೆ. ಗೆಳೆಯನ ಜೀವಕ್ಕೆ ಹೆದರಿದ ಸ್ಪಾಕ್ ಕೊಂದುಬಿಡು ಎನ್ನುತ್ತಾನೆ. ಜೀವಿಯನ್ನು ಕಣ್ಣಾರೆ ಕಂಡ ಕರ್ಕ್‌ಗೆ ಈಗ ಕೈ ಏಳುವುದಿಲ್ಲ. ಸ್ಪಾಕ್ ಅದರ ಮನಸ್ಸಿನೊಳಗೆ ಹೊಕ್ಕಾಗ ನಿಜ ಹೊರಬೀಳುತ್ತದೆ. ಗಣಿಯವರು ಕೆಲಸಕ್ಕೆ ಬಾರದವೆಂದು ಒಡೆದು ಹಾಕುತ್ತಿದ್ದ ಕಲ್ಲಿನ ಉಂಡೆಗಳು ಅದರ ಮೊಟ್ಟೆಗಳು. ಅದು ಕೊಂದದ್ದು ತನ್ನ ಮರಿಗಳನ್ನು ಉಳಿಸಿಕೊಳ್ಳಲು. ದೊಣ್ಣೆ ಹಿಡಿದು ಬಂದ ಕಾರ್ಮಿಕರು ಈ ಮಾತು ಕೇಳಿ ನಿಲ್ಲುತ್ತಾರೆ. ಮೆಕಾಯ್ ಗಾಯಗೊಂಡ ಜೀವಿಗೆ ಕಾಂಕ್ರೀಟಿನಂಥ ಲೇಪ ಹಚ್ಚಿ ಬದುಕಿಸುತ್ತಾನೆ. ಕೊನೆಗೆ ಮರಿಗಳು ಸುರಂಗ ಕೊರೆಯಲಿ, ಕಾರ್ಮಿಕರು ಅದಿರು ತೆಗೆಯಲಿ ಎಂಬ ಒಪ್ಪಂದವಾಗುತ್ತದೆ. ಹೋರ್ಟಾದ ವೇಷ ಹೊದಿಕೆಯೊಂದು ನೆಲದ ಮೇಲೆ ತೆವಳಿದಂತಿದೆ. ಆದರೂ ಅದರ ದುಃಖ ನೋಡುಗರನ್ನು ತಟ್ಟುತ್ತದೆ. ಭಯಾನಕ ಕಥೆಯಂತೆ ಆರಂಭವಾದದ್ದು ತಾಯಿಯ ಕಥೆಯಾಗಿ ತಿರುಗುವಾಗ ನೋಡುಗರೂ ತಮ್ಮ ಮೊದಲ ತೀರ್ಮಾನವನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಅದೇ ವರ್ಷದ ‘ಎ ಟೇಸ್ಟ್ ಆಫ್ ಆರ್ಮಗೆಡನ್’ ಯುದ್ಧವನ್ನು ಕುರಿತದ್ದು. ಎರಡು ಗ್ರಹಗಳು 500 ವರ್ಷಗಳಿಂದ ಕಂಪ್ಯೂಟರಿನಲ್ಲಿ ಯುದ್ಧ ಮಾಡುತ್ತಿವೆ. ಬಾಂಬು ಬೀಳುವುದಿಲ್ಲ, ಕಟ್ಟಡ ಉರುಳುವುದಿಲ್ಲ. ಸತ್ತವರೆಂದು ಯಂತ್ರ ಲೆಕ್ಕ ಹಾಕಿದ ಜನ ಸಾಲಾಗಿ ಹೋಗಿ ಕೋಣೆಯೊಳಗೆ ಹೊಕ್ಕು ನಿಜವಾಗಿ ಸಾಯುತ್ತಾರೆ. ವಿಯೆಟ್ನಾಂ ಯುದ್ಧದ ಸಾವಿನ ಅಂಕಿಗಳು ಟಿವಿ ಸುದ್ದಿಯ ಭಾಗವಾಗಿದ್ದ ಕಾಲದಲ್ಲಿ ಈ ಕಥೆ ಬಂತು. ಯುದ್ಧ ಚೊಕ್ಕಟವಾದಷ್ಟೂ ನಿಲ್ಲಿಸುವ ಕಾರಣ ಕಡಿಮೆಯಾಗುತ್ತದೆ ಎಂಬ ಅದರ ವಾದ ದೂರದಿಂದಲೇ ಕೊಲ್ಲುವ ಇಂದಿನ ಯುದ್ಧಗಳಿಗೂ ಅನ್ವಯಿಸುತ್ತದೆ. ‘ಎರಂಡ್ ಆಫ್ ಮರ್ಸಿ’ಯಲ್ಲಿ ಕರ್ಕ್ ತಾನೇ ಯುದ್ಧದ ಹಕ್ಕಿಗಾಗಿ ಕೂಗಾಡುತ್ತಿರುವುದನ್ನು ಅರಿತು ನಾಚುತ್ತಾನೆ. ‘ಬ್ಯಾಲೆನ್ಸ್ ಆಫ್ ಟೆರರ್’ನಲ್ಲಿ ಶತ್ರುಗಳ ಮುಖಚಹರೆ ಸ್ಪಾಕ್‌ನದನ್ನು ಹೋಲುತ್ತದೆಂಬ ಒಂದೇ ಕಾರಣಕ್ಕೆ ನೌಕೆಯೊಳಗೇ ಸಂಶಯ ಹುಟ್ಟುತ್ತದೆ, ಕರ್ಕ್ ಅದನ್ನು ಅಲ್ಲೇ ಹತ್ತಿಕ್ಕುತ್ತಾನೆ.

ಎಲಿಸನ್ ಅವರ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಸಾಮಾನ್ಯವಾಗಿ ಶ್ರೇಷ್ಠ ಕಂತೆಂದು ಎಣಿಕೆಯಾಗುತ್ತದೆ. 1968ರ ಹ್ಯೂಗೋ ಪ್ರಶಸ್ತಿ ಅದಕ್ಕೆ ಬಂತು. ಮೆಕಾಯ್‌ನನ್ನು ಹುಡುಕಿಕೊಂಡು ಕರ್ಕ್ ಮತ್ತು ಸ್ಪಾಕ್ 1930ರ ನ್ಯೂಯಾರ್ಕಿಗೆ ಹೋಗುತ್ತಾರೆ. ಬಡವರಿಗೆ ಊಟ ಹಾಕುವ ಈಡಿತ್ ಕೀಲರ್ ಎಂಬ ಶಾಂತಿವಾದಿಯನ್ನು ಕರ್ಕ್ ಪ್ರೀತಿಸುತ್ತಾನೆ. ಆಕೆ ಬದುಕುಳಿದರೆ ಅಮೆರಿಕ ಯುದ್ಧಕ್ಕಿಳಿಯುವುದು ತಡವಾಗಿ ಹಿಟ್ಲರ್ ಗೆಲ್ಲುತ್ತಾನೆ ಎಂಬುದು ತಿಳಿದ ಮೇಲೆ, ಅವಳನ್ನು ಉಳಿಸಲು ಧಾವಿಸುವ ಮೆಕಾಯ್‌ನನ್ನು ಕರ್ಕ್ ತಡೆದು ಹಿಡಿಯಬೇಕಾಗುತ್ತದೆ. ತರ್ಕವೂ ಕರುಣೆಯೂ ರಾಜಿಯಾಗದ ಏಕೈಕ ಘಳಿಗೆ ಇದು ಎನ್ನಬಹುದು. ಶಾಂತಿವಾದ ಸರಿ, ಆದರೆ ಅದರ ಕಾಲ ತಪ್ಪು ಎಂಬ ಕಥೆಯ ನಿಲುವು 1967ರ ಯುದ್ಧವಿರೋಧಿಗಳಿಗೆ ಹಿತವಾಗಿ ಕೇಳಿಸಿರಲಾರದು. ಆ ಒರಟು ಅಂಚೇ ಕಥೆಯನ್ನು ಹಗುರಾಗದಂತೆ ಕಾಯುತ್ತದೆ.

ಸಿಬ್ಬಂದಿಯ ಆಯ್ಕೆಯಲ್ಲೂ ಧಾರಾವಾಹಿ ತನ್ನ ಮಾತನ್ನು ಹೇಳಿತು. ಸಂಪರ್ಕಾಧಿಕಾರಿ ಉಹುರಾ (ನಿಷೆಲ್ ನಿಕೋಲ್ಸ್) ಆಫ್ರಿಕಾ ಮೂಲದವಳು, ಚಾಲಕ ಸುಲು (ಜಾರ್ಜ್ ಟಕೈ) ಏಷ್ಯಾ ಮೂಲದವನು. ಶೀತಲ ಸಮರ ಕಾವೇರಿದ್ದಾಗಲೇ ಎರಡನೆಯ ಸರಣಿಯಲ್ಲಿ ಚೆಕಾವ್ ಎಂಬ ರಷ್ಯನ್ ಬಂದ. ಟಕೈ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಕುಟುಂಬಗಳನ್ನು ಕೂಡಿಹಾಕಿದ ಅಮೆರಿಕದ ಶಿಬಿರಗಳಲ್ಲಿ ಬಾಲ್ಯ ಕಳೆದವರು. ಅಂಥವರು ನೌಕೆಯ ಚುಕ್ಕಾಣಿ ಹಿಡಿದದ್ದಕ್ಕೆ ತೂಕವಿತ್ತು. ಮೊದಲ ಸರಣಿಯ ನಂತರ ಬಿಟ್ಟುಹೋಗಲು ಯೋಚಿಸಿದ್ದ ತಮ್ಮನ್ನು ಮಾರ್ಟಿನ್ ಲೂಥರ್ ಕಿಂಗ್ ತಡೆದರೆಂದು ನಿಕೋಲ್ಸ್ ಹೇಳಿಕೊಂಡಿದ್ದಾರೆ. 1977ರಲ್ಲಿ ಅವರು ಮಹಿಳೆಯರನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಲು ಕರೆಯುವ ನಾಸಾದ ಅಭಿಯಾನದಲ್ಲಿ ದುಡಿದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಮೇ ಜೆಮಿಸನ್ ಉಹುರಾ ಪಾತ್ರದಿಂದ ಪ್ರೇರಣೆ ಪಡೆದವರು.

ಈ ಔದಾರ್ಯಕ್ಕೆ ಮಿತಿಗಳಿದ್ದವು. ಪ್ರೀತಿಯಿಂದ ನೋಡುವವರು ಅವನ್ನು ಮರೆಮಾಚಬಾರದು. ಉಹುರಾಗೆ ಕಂತಿನ ನಂತರ ಕಂತಿನಲ್ಲಿ ಸಂದೇಶ ತಲುಪಿಸುವುದರ ಹೊರತು ಕೆಲಸ ಕಡಿಮೆ. ಹೆಂಗಸರ ಸಮವಸ್ತ್ರ ಗಿಡ್ಡ ಲಂಗ. ಕೊನೆಯ ಕಂತು ‘ಟರ್ನ್‌ಅಬೌಟ್ ಇಂಟ್ರೂಡರ್’ ಮಹಿಳೆ ನೌಕೆಯ ಕ್ಯಾಪ್ಟನ್ ಆಗಲಾರಳೆಂಬ ಅರ್ಥ ಬರುವಂತೆ ಮುಗಿಯುತ್ತದೆ. ‘ದಿ ಕೇಜ್’ನಲ್ಲಿ ಇಟ್ಟಿದ್ದ ಹೆಜ್ಜೆಯಿಂದ ಇದು ಹಿಂದೆ ಸರಿದದ್ದೇ. ‘ಸ್ಪೇಸ್ ಸೀಡ್’ ಕಂತಿನ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದ ಸಿಖ್ ಇರಬಹುದೆಂದು ಕಥೆ ಹೇಳುತ್ತದೆ. ಪಾತ್ರ ವಹಿಸಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಾಲ್ಬಾನ್. ಅವರ ಅಭಿನಯ ಭವ್ಯವಾಗಿದೆ, ಆದರೆ ಆ ಪಾತ್ರಕ್ಕೂ ಸಿಖ್ಖರ ಬದುಕಿಗೂ ಹೆಸರಿನ ಹೊರತು ನಂಟಿಲ್ಲ. ಇತರ ನಾಗರಿಕತೆಗಳ ಸಹಜ ಬೆಳವಣಿಗೆಯಲ್ಲಿ ಕೈ ಹಾಕಬಾರದೆಂಬ ‘ಪ್ರಧಾನ ನಿಯಮ’ವನ್ನು ಧಾರಾವಾಹಿ ಸಾರುತ್ತದೆ, ಕರ್ಕ್ ಅದನ್ನು ಪದೇ ಪದೇ ಮುರಿಯುತ್ತಾನೆ. ಆಗಿನ ಅಮೆರಿಕ ಇತರ ದೇಶಗಳ ಬಗ್ಗೆ ಇಟ್ಟುಕೊಂಡಿದ್ದ ಆತ್ಮವಿಶ್ವಾಸದ ನೆರಳು ಅಲ್ಲಿ ಕಾಣುತ್ತದೆ.

ಮೂರನೆಯ ಸರಣಿಯ ಹೊತ್ತಿಗೆ ಧಾರಾವಾಹಿ ಸೊರಗಿತ್ತು. ವೀಕ್ಷಕರು ಕಡಿಮೆಯೆಂದು ನಿಲ್ಲಿಸುವ ಸುದ್ದಿ ಹಬ್ಬಿದಾಗ ಬೀಜೋ ಮತ್ತು ಜಾನ್ ಟ್ರಿಂಬಲ್ ದಂಪತಿಯ ಮುಂದಾಳತ್ವದಲ್ಲಿ ಅಭಿಮಾನಿಗಳು ಪತ್ರಗಳ ಮಳೆ ಸುರಿಸಿದರು. 1968ರಲ್ಲಿ ವಾಹಿನಿ ಮಣಿದು ಮೂರನೆಯ ಸರಣಿಯನ್ನು ಘೋಷಿಸಿತು. ಆದರೆ ಕೊಟ್ಟದ್ದು ಶುಕ್ರವಾರ ರಾತ್ರಿ ಹತ್ತು ಗಂಟೆಯ ಸಮಯ. ಯುವಕರು ಮನೆಯಲ್ಲಿರದ ಹೊತ್ತು. ಹಣ ಕಡಿತವಾಯಿತು, ಕೂನ್ ಹೋಗಿದ್ದರು, ರಾಡನ್‌ಬೆರಿ ದೂರ ಸರಿದರು. ಬಿಳಿ ಮತ್ತು ಕಪ್ಪು ಅರ್ಧರ್ಧ ಮುಖದವರು ಪರಸ್ಪರ ದ್ವೇಷಿಸಿ ಅಳಿಯುವ ಕಂತಿನಂಥ ಕೆಲವೆಡೆ ಸಂದೇಶ ಕಥೆಯನ್ನು ಮೀರಿ ಮುಂದೆ ಬಂತು. ಕೊನೆಯ ಕಂತು ಪ್ರಸಾರವಾಗಿ ಏಳು ವಾರ ತುಂಬುವುದರೊಳಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ.

ಧಾರಾವಾಹಿಯ ನಿಜವಾದ ಬದುಕು ಆರಂಭವಾದದ್ದು ಮರುಪ್ರಸಾರಗಳಲ್ಲಿ. 1970ರ ದಶಕದಲ್ಲಿ ಅಮೆರಿಕದ ಸ್ಥಳೀಯ ಕೇಂದ್ರಗಳು ಅದನ್ನು ಸಂಜೆಯ ಹೊತ್ತು ದಿನವೂ ತೋರಿಸಿದವು. 1972ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ದೊಡ್ಡ ಸಮಾವೇಶ ನಡೆಯಿತು. 1976ರಲ್ಲಿ ಅಭಿಮಾನಿಗಳ ಪತ್ರಗಳಿಗೆ ಓಗೊಟ್ಟು ಮೊದಲ ಸ್ಪೇಸ್ ಶಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಹೆಸರಿಡಲಾಯಿತು. 1979ರಲ್ಲಿ ಮೊದಲ ಚಲನಚಿತ್ರ, 1987ರಲ್ಲಿ ಎರಡನೆಯ ತಲೆಮಾರಿನ ಧಾರಾವಾಹಿ ಬಂದವು. ಭಾರತದಲ್ಲಿ 1980ರ ದಶಕದಲ್ಲಿ ದೂರದರ್ಶನ ಅದನ್ನು ಭಾನುವಾರ ಬೆಳಿಗ್ಗೆ ಪ್ರಸಾರ ಮಾಡಿತು. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋಗಿಬಂದ ದಶಕ ಅದು. ಕರ್ನಾಟಕದ ಅನೇಕ ಮನೆಗಳಲ್ಲಿ ಇದ್ದದ್ದು ಕಪ್ಪುಬಿಳುಪಿನ ಟಿವಿ; ಆರ್‌ಸಿಎಗಾಗಿ ಬಳಿದ ಬಣ್ಣಗಳೆಲ್ಲ ಅಲ್ಲಿ ಬೂದಾಗಿ ಕಂಡವು. ಇಂಗ್ಲಿಷ್ ಪೂರ್ತಿ ಹಿಡಿಯದ ಮಕ್ಕಳಿಗೂ ಸ್ಪಾಕ್‌ನ ಹುಬ್ಬು, ಮೆಕಾಯ್‌ನ ಸಿಡುಕು, ಕರ್ಕ್‌ನ ಹೊಯ್ದಾಟ ಅರ್ಥವಾದವು. ನೌಕೆ, ಕ್ಯಾಪ್ಟನ್, ಸಿಬ್ಬಂದಿ ಎಂಬ ಚೌಕಟ್ಟು ಆಮೇಲೆ ದೂರದರ್ಶನದ್ದೇ ‘ಸ್ಪೇಸ್ ಸಿಟಿ ಸಿಗ್ಮಾ’, ‘ಕ್ಯಾಪ್ಟನ್ ವ್ಯೋಮ್’ ಧಾರಾವಾಹಿಗಳಲ್ಲೂ ಕಾಣಿಸಿತು.

ಬಣ್ಣ ಹೋದರೂ, ಮಾತು ಅರ್ಧ ತಲುಪಿದರೂ ಧಾರಾವಾಹಿ ನಿಂತಿತೆಂದರೆ ಅದರ ಬಲ ತಂತ್ರದಲ್ಲಿರಲಿಲ್ಲ. ಸೆಟ್ಟುಗಳು ಹಳತಾಗಿವೆ, ಹೊಡೆದಾಟಗಳು ಇಂದಿನ ಕಣ್ಣಿಗೆ ಕೃತಕ, ಹೆಂಗಸರನ್ನು ಚಿತ್ರಿಸಿದ ರೀತಿ ಒಪ್ಪತಕ್ಕದ್ದಲ್ಲ, ಮೂರನೆಯ ಸರಣಿಯ ಹಲವು ಕಂತುಗಳನ್ನು ಇಂದು ನೋಡುವುದು ಕಷ್ಟ. 79ರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಉಳಿಯುವ ಶ್ರೇಷ್ಠ ಕಂತುಗಳು ಮಾತ್ರ ಒಂದು ಭರವಸೆಯನ್ನು ಪೂರ್ತಿ ನಂಬಿ ಕಟ್ಟಿದವು. ಆ ಭರವಸೆ ಇದು: ಮನುಷ್ಯಕುಲ ತನ್ನನ್ನು ತಾನು ನಾಶಮಾಡಿಕೊಳ್ಳದೆ ಮುಂದಿನ ಶತಮಾನಗಳನ್ನು ಕಾಣುತ್ತದೆ, ಮತ್ತು ಅದು ಸಾಧ್ಯವಾಗುವುದು ಬೇರೆ ಬೇರೆ ನೆಲದ, ಬೇರೆ ಬೇರೆ ಸ್ವಭಾವದ ಜನ ಒಂದೇ ಕೊಠಡಿಯಲ್ಲಿ ನಿಂತು ಜಗಳವಾಡಿ ತೀರ್ಮಾನಿಸಿದಾಗ. ಅಣುಯುದ್ಧದ ಭಯ ನಿತ್ಯವಿದ್ದ ಕಾಲದಲ್ಲಿ, ಹಣವಿಲ್ಲದ ಸ್ಟುಡಿಯೊದಲ್ಲಿ, ವಾರದ ಗಡುವಿನೊಳಗೆ ಅದನ್ನು ಹೇಳಿದ್ದು ‘ಸ್ಟಾರ್ ಟ್ರೆಕ್’ನ ಸಾಧನೆ. ಅದರ ಮೇಲಿನ ಅಭಿಮಾನಕ್ಕೆ ಇಷ್ಟು ಸಮರ್ಥನೆ ಸಾಕು.